ಕಾಮಣಿ ಅಂದುಕೊಂಡದ್ದು

ಹೋದ ವಾರ ರಾಯಬಾಗದ ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದೆ. ಕಬ್ಬಿನ ಜೊತೆ ಲಿಂಬೆಹಣ್ಣು, ಹಸಿಶುಂಠಿ ಅರೆದ ವಾಸನೆ ಮೂಗಿಗೆ ಬಂತು. ಗ್ಲಾಸು ಮುಟ್ಟದೆ ಬಂದುಬಿಟ್ಟೆ. ಹೊಲಿಗೆ ಅಕ್ಕೋರು ಕೊನೆಯ ತಿಂಗಳು ದಿನಕ್ಕೆರಡು ಸಲ ಕುಡಿದದ್ದು ಅದನ್ನೇ…

ಅಕ್ಕೋರು ಎಂದರೂ ಅವರು ಶಾಲೆಯಲ್ಲಿ ಕಲಿಸಿದವರಲ್ಲ. ಅಂಕಲಿಯ ನಮ್ಮ ಓಣಿಯಲ್ಲಿ, ಪಡಸಾಲೆಯಲ್ಲಿ ಮೂರು ಮಷಿನ್ ಇಟ್ಟುಕೊಂಡು ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ವಯಸ್ಸು ನಲವತ್ತರ ಆಸುಪಾಸು. ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವ್ವನ ಹತ್ತಿರ ಕೇಳಿ ಕರೆದೊಯ್ದವರು ಅವರೇ. ತೋಳು ತಪ್ಪಾಗಿ ಹಚ್ಚಿದರೆ ಬೈಯುತ್ತಿರಲಿಲ್ಲ.

"ಕತ್ತರಿ ತಪ್ಪಿದ್ರ ಅರಿವಿ ಹೋತು. ಹೊಲಿಗಿ ತಪ್ಪಿದ್ರ ಬಿಚ್ಚಿದ್ರಾತು. ಅಂಜಬ್ಯಾಡ," ಎನ್ನುತ್ತಿದ್ದರು.

ಆ ವರ್ಷ ದೀಪಾವಳಿಯ ಹೊಲಿಗೆ ರಾಶಿ ಬಿದ್ದಿತ್ತು. ಅಕ್ಕೋರು ಮಷಿನ್ ತುಳಿಯುತ್ತ ನಡುನಡುವೆ ನಿಲ್ಲಿಸಿ ಏದುಸಿರು ಬಿಡತೊಡಗಿದರು. ಒಂದು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮುಖ ಬಿಳಿಚಿತ್ತು. ಕೆಲಸದ ದಣಿವು ಎಂದುಕೊಂಡೆವು. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಅವರು ಕಿಟಕಿಯ ಬೆಳಕಿಗೆ ಮುಖ ಎತ್ತಿದಾಗ, ಕಣ್ಣಿನ ಬಿಳಿಯೆಲ್ಲ ಹಳದಿಯಾಗಿದ್ದು ಕಂಡಿತು.

ಕಾಮಣಿ, ಅಂದರೆ ಕಾಮಾಲೆ, ಎಂದರು ಅವರ ಅತ್ತೆ. ಓಣಿಯೂ ಅದನ್ನೇ ಅಂದಿತು. ಅಕ್ಕೋರ ಗಂಡ ಮೂರು ರವಿವಾರ ನಾಟಿ ಔಷಧಿಗೆ ಕರೆದುಕೊಂಡು ಹೋದರು. ಸಪ್ಪನೆ ಊಟ, ಎಣ್ಣೆ ಬಂದ್, ಕಬ್ಬಿನ ಹಾಲು. ಆ ಮನೆಯಲ್ಲಿ ಯಾರೂ ಅಲಕ್ಷ್ಯ ಮಾಡಲಿಲ್ಲ, ಅದನ್ನು ಹೇಳಲೇಬೇಕು.

ಮಾಡಿದವಳು ನಾನು. ಒಂದು ಮಧ್ಯಾಹ್ನ ಅಕ್ಕೋರು ತಲೆ ತಿರುಗುತ್ತದೆ ಎಂದರು. ರಟ್ಟೆ ಹಿಡಿದು ಹಿತ್ತಲಿನ ಬಚ್ಚಲಿಗೆ ಕರೆದುಕೊಂಡು ಹೋದೆ. ಅವರು ಎದ್ದ ಮೇಲೆ ನೀರು ಹಾಕಲು ಹೋದರೆ, ಬಿಳಿ ಫರಸಿ ಕಲ್ಲಿನ ಮೇಲೆ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಗಿತ್ತು.

"ಅಕ್ಕೋರ, ಇದೇನ್ರಿ?"

"ಕಾಮಣಿಗೆ ಹಂಗ ಆಕ್ಕೈತಂತ. ಯಾರಿಗೂ ಹೇಳಬ್ಯಾಡ ಬೇ, ನಾಚಿಕಿ ಬರತೈತಿ."

ನಾನು ಹೇಳಲಿಲ್ಲ.

ತಿಂಗಳ ಮೇಲೆ ಅವರು ಮಷಿನ್ ಮುಂದೆಯೇ ಕುಸಿದರು. ಮಿರಜದ ಆಸ್ಪತ್ರೆಗೆ ಒಯ್ಯುವಾಗ ಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ಕೆಳರೆಪ್ಪೆ ಜಗ್ಗಿ ನೋಡಿದರು, ಅಂಗೈ ನೋಡಿದರು. ಎಡಗಡೆ ಪಕ್ಕೆಲುಬಿನ ಕೆಳಗೆ ಒತ್ತಿದಾಗ ಅಕ್ಕೋರು ನರಳಿದರು.

"ಮೂತ್ರ ಯಾವ ಬಣ್ಣ ಹೋಗತಿತ್ತು?"

ಗಂಡನಿಗೆ ಗೊತ್ತಿರಲಿಲ್ಲ. "ಕರ್ರಗ್ರಿ. ತಿಂಗಳಾತ್ರಿ," ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ಲಿವರಿನ ಕಾಮಣಿ ಅಲ್ಲ ಅನಸ್ತೈತಿ. ಮೈಯಾಗ ರಕ್ತದ ಕಣ ಒಡದು ಹೋಗಾಕತ್ತಾವ. ಅದಕ್ಕ ಕಣ್ಣು ಹಳದಿ, ಅಂಗೈ ಬೆಳ್ಳಗ, ಮೂತ್ರ ಕರ್ರಗ. ಮೊದಲ ಬಂದಿದ್ರ ಗುಳಿಗಿ ಮ್ಯಾಲ ತಡೀಬಹುದಿತ್ತು."

ಪರೀಕ್ಷೆಯ ರಿಪೋರ್ಟೂ ಅದನ್ನೇ ಹೇಳಿತು. ರಕ್ತ ಕೊಡಲು ಅಂಕಲಿಯಿಂದ ಹತ್ತು ಜನ ಬಂದರು. ಯಾರದೂ ಹೊಂದಲಿಲ್ಲ, ಯಾವ ರಕ್ತ ಬಂದರೂ ಅವರ ಮೈ ಅದನ್ನು ಒಡೆಯಲು ನೋಡುತ್ತಿತ್ತು. ನಡುವೆ ಒಮ್ಮೆ ಕಣ್ಣು ತೆರೆದು, "ಆ ಹಸರ ಜಂಪರಿಗೆ ಹುಕ್ಕ ಹಚ್ಚಿ ಕೊಟ್ಟಬಿಡು, ನಾಳಿ ಒಯ್ಯಾಕ ಬರತಾರ," ಅಂದರು. ಮರುದಿನ ಮಧ್ಯಾಹ್ನ ಇದ್ದುದರಲ್ಲೇ ಸರಿಹೋಗುವ ಒಂದು ಚೀಲ ರಕ್ತ ಹಚ್ಚಿದರು. ಅದು ಅರ್ಧ ಇಳಿಯುವಷ್ಟರಲ್ಲಿ ಅವರ ಎದೆಬಡಿತ ನಿಂತಿತು.

ಹೊರಗೆ ಬೆಂಚಿನ ಮೇಲೆ ಗಂಡ ನನ್ನ ಪಕ್ಕ ಬಂದು ಕೂತರು. "ನಿನಗ ಗೊತ್ತಿತ್ತಲ್ಲವಾ," ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ…

ಈಗ ಚಿಕ್ಕೋಡಿಯಲ್ಲಿ ನನ್ನದೇ ಹೊಲಿಗೆ ಕ್ಲಾಸಿದೆ. ಹೋದ ತಿಂಗಳು ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಬಾಗಿಲ ಬೆಳಕಿಗೆ ನಿಲ್ಲಿಸಿ ರೆಪ್ಪೆ ಜಗ್ಗಿ ನೋಡಿದೆ, ಮೂತ್ರದ ಬಣ್ಣ ಕೇಳಿದೆ. ಅವಳು ನಾಚಿ ಮುಖ ತಿರುಗಿಸಿದಳು. ಅಂದೇ ಅವಳ ತಾಯಿಗೆ ಫೋನ್ ಮಾಡಿ ರಕ್ತ ಪರೀಕ್ಷೆ ಮಾಡಿಸಿ ಎಂದೆ. ಎರಡು ದಿನ ಬಿಟ್ಟು ತಾಯಿಯ ಫೋನ್ ಬಂತು.

"ಕಬ್ಬಿಣ ಅಂಶ ಒಂದೀಟ ಕಡಿಮಿ ಐತಂತ, ಮತ್ತೇನೂ ಇಲ್ಲ. ಸುಮ್ಮನ ಅಂಜಿಸಿದ್ರಿ. ಹೊಲಿಗಿ ಕಲಸ್ರಿ, ಡಾಕ್ಟರಕಿ ಬ್ಯಾಡ."

ಫೋನ್ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅಕ್ಕೋರ ಮಾತು ಮೀರಿ ಅಂದು ಹೇಳಿಬಿಟ್ಟಿದ್ದರೆ, ಅವರೂ ಹೀಗೆಯೇ ಸಿಟ್ಟಾಗಿ ನಾಲ್ಕು ದಿನ ನನ್ನ ಜೊತೆ ಮಾತು ಬಿಡುತ್ತಿದ್ದರು. ಅಷ್ಟೇ.