ಜೆಲ್ಲಿ ಕುದಿಯುವ ದಿನದ ರೋಜಾ

ಮಾನ್ವಿಯ ಆ ಓಣಿಯಲ್ಲಿ ಕವಳಿಹಣ್ಣಿನ ಜೆಲ್ಲಿ ಎಂದರೆ ಗುಲ್ಶನ್ ಬೇಗಂ. ಮೂವತ್ತು ವರ್ಷಗಳಿಂದ ಬೇಸಿಗೆ ಮುಗಿಯುವ ಹೊತ್ತಿಗೆ ದೇವದುರ್ಗದ ಕಡೆಯಿಂದ ಆಕೆಗೆ ಹಣ್ಣಿನ ಬುಟ್ಟಿ ಬರುತ್ತದೆ. ಕಪ್ಪಗೆ ಮಾಗಿದ ಹಣ್ಣಿನ ಜೊತೆ ಒಂದು ಬೊಗಸೆ ದೋರಗಾಯಿ ಸೇರಿಸಿ ಬೇಯಿಸುತ್ತಾಳೆ, ಇಲ್ಲದಿದ್ದರೆ ಜೆಲ್ಲಿ ಗಟ್ಟಿಯಾಗುವುದಿಲ್ಲ. ಬೆಂದದ್ದನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾಳೆ. ಯಾರಾದರೂ ಅವಸರಪಟ್ಟು ಹಿಂಡಲು ಹೋದರೋ, ಕೈಮೇಲೆ ಏಟು ಬಿತ್ತೆಂದೇ ತಿಳಿಯಬೇಕು. ಹಿಂಡಿದರೆ ರಸ ಕದಡುತ್ತದೆ. ಸಕ್ಕರೆಗೆ ಮಾತ್ರ ಅಳತೆಯಿಲ್ಲ. ಒಂದೊಂದು ಗಿಡದ ಹುಳಿ ಒಂದೊಂದು ಥರ, ಅದನ್ನು ನಾಲಿಗೆಯೇ ಹೇಳಬೇಕು.

ಆ ನಾಲಿಗೆ ಎರಡು ವರ್ಷದ ಹಿಂದಿನ ಜ್ವರದಲ್ಲಿ ಹೋಯಿತು. ಬಿಸಿ ತಿಳಿಯುತ್ತದೆ, ತಂಪು ತಿಳಿಯುತ್ತದೆ. ಹುಳಿ, ಸಿಹಿ ಇಲ್ಲ. ಆಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೇಳಿದರೆ ಒಲೆ ಸೊಸೆಯ ಪಾಲಾಗಿ ತಾನು ಮೂಲೆ ಹಿಡಿಯಬೇಕಾದೀತೆಂಬ ಹೆದರಿಕೆ. ಅದಕ್ಕೇ ಒಂದು ಉಪಾಯ ಹೂಡಿದಳು: ಜೆಲ್ಲಿ ಮಾಡುವ ದಿನ ರೋಜಾ ಹಿಡಿಯುವುದು. ಉಪವಾಸ ಇದ್ದವಳು ಸೊಸೆ ನಿಗಾರಳನ್ನು ಕರೆದು, ರುಚಿ ನೋಡೆಂದು ಸೌಟು ಚಾಚಿದರೆ ಯಾರಿಗೂ ಅನುಮಾನ ಬರುವುದಿಲ್ಲ. ದೇವರ ಹೆಸರಿನಲ್ಲಿ ಆಡುವ ಈ ಆಟ ಆಕೆಯನ್ನೇ ಚುಚ್ಚುತ್ತಿತ್ತು. ಕ್ಷಮೆ ಕೇಳಿ ಎರಡು ರಕಾತ್ ನಮಾಜು ಹೆಚ್ಚಿಗೆ ಮಾಡುತ್ತಿದ್ದಳು, ಪಾಪ.

ಈ ಸಲದ ಗುರುವಾರವೂ ರಸ ಕುದಿಯಿತು, ಸಕ್ಕರೆ ಬಿತ್ತು, ಆಕೆ ಸೌಟು ಚಾಚಿದಳು.

"ಇವತ್ತು ನನಗೂ ರೋಜಾ ಅದ, ಅಮ್ಮೀ," ಎಂದಳು ನಿಗಾರ್. "ಈ ಬಿಸಲಾಗ ನೀವೊಬ್ಬರೇ ಉಪಾಸ ಇರೋದು ನೋಡಾಕ ಆಗವಲ್ದು."

ಪಾತೇಲಿಯಲ್ಲಿ ನೊರೆ ಏರುತ್ತಿತ್ತು. ಇನ್ನೈದು ನಿಮಿಷ ಕಳೆದರೆ ರಸ ಗಟ್ಟಿಯಾಗಿ, ಸಕ್ಕರೆ ಹಾಕಿಯೂ ಉಪಯೋಗವಿಲ್ಲ. ಗುಲ್ಶನ್ ಬೇಗಂ ಗೋಡೆ ನೋಡುತ್ತ ಹೇಳಿದಳು, "ನನಗ ರುಚಿ ಗೊತ್ತಾಗಂಗಿಲ್ಲ ಬೇಟಿ. ಎರಡು ವರ್ಷ ಆತು."

"ಗೊತ್ತದ. ಹೋದ ವರ್ಷ ಚಹಾಕ್ಕ ಸಕ್ರಿ ಅಂತ ಉಪ್ಪು ಹಾಕಿಬಿಟ್ಟಿದ್ದೆ. ನೀವು ಪೂರಾ ಕುಡುದು, ಚಲೋ ಆಗ್ಯದ ಅಂದ್ರಿ. ನೀವ ಹೇಳ್ಲಿ ಅಂತ ಸುಮ್ನಿದ್ದೆ."

ಗುಲ್ಶನ್ ಬೇಗಂಗೆ ನಾಚಿಕೆಯೂ ಆಯಿತು, ಎದೆಯ ಭಾರವೂ ಇಳಿಯಿತು. ಅಷ್ಟರಲ್ಲಿ ನಿಗಾರ್ ಸೌಟಿಗೆ ಉಫ್ ಎಂದು ಊದಿ ಬಾಯಿಗೆ ಹಾಕಿಕೊಂಡಳು.

"ರೋಜಾ ಮುರೀತಲ್ಲ," ಎಂದಳು ಅತ್ತೆ.

"ಇನ್ನೊಂದಿನ ಹಿಡಿತೀನಿ. ನೀವು ಇನ್ನ ಮ್ಯಾಲ ಸುಮ್ನ ಕರೀರಿ, ಬರ್ತೀನಿ." ನಿಗಾರ್ ಸಕ್ಕರೆ ಡಬ್ಬಿಯನ್ನು ಅತ್ತೆಯ ಮುಂದೆ ಸರಿಸಿದಳು. "ಒಂದು ಹಿಡಿ ಕಮ್ಮಿ ಆಗ್ಯದ. ನೀವ ಹಾಕ್ರಿ, ನಿಮ್ಮ ಹಿಡಿ ಅಂದಾಜು ನನಗ ಬರಂಗಿಲ್ಲ."