ಭಾಜಿಯಲ್ಲಿ ಮುಳುಗದ ಪಾವ್

ಹೆಂಡತಿ ಇನ್ನು ಗೋಧಿ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಒಗ್ಗಿದ್ದು ಈಗೇಕೆ ಒಗ್ಗುವುದಿಲ್ಲ ಎಂದು ಅವರೊಡನೆ ವಾದಕ್ಕೇ ಇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಪಾವೂ ತಿನ್ನೂಕಾಗುದಿಲ್ವಾ ಡಾಕ್ಟ್ರೇ?"

ಕಾರವಾರದಲ್ಲಿ ಹುಟ್ಟಿ ಬೆಳೆದವಳಿಗೆ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಪಾವ್ ಮುರಿದು ಪಾತಳ ಭಾಜಿಯಲ್ಲಿ, ಅಂದರೆ ನೀರು ನೀರಾದ ಬಟಾಣಿ ಪಲ್ಯದಲ್ಲಿ, ಅದ್ದಿ ತಿಂದರೇ ಅವಳ ದಿನ ಶುರು. ಶಿರವಾಡದ ನಮ್ಮ ಮನೆಯಲ್ಲಿ ಮರುದಿನದಿಂದ ಅವಳು ಅದೇ ಭಾಜಿಯನ್ನು ಚಮಚದಲ್ಲಿ ಕುಡಿಯತೊಡಗಿದಳು, ಕಷಾಯ ಕುಡಿಯುವ ಮುಖ ಮಾಡಿಕೊಂಡು. ದೋಸೆ ಇದೆ, ಇಡ್ಲಿ ಇದೆ ಎಂದರೆ "ಇರ್ಲಿ ಬಿಡಿ" ಎನ್ನುವಳು. ಆ "ಇರ್ಲಿ ಬಿಡಿ" ನನಗೆ ಸಹಿಸಲಾಗಲಿಲ್ಲ. ಪಾವ್ ನಾನೇ ಮಾಡುತ್ತೇನೆ ಎಂದು ಘೋಷಿಸಿದೆ.

ನಾನು ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತನಾದ ಇಂಜಿನಿಯರು. ಗೋಧಿಹಿಟ್ಟನ್ನು ಹಿಡಿದಿಡುವುದು ಅದರೊಳಗಿನ ಗ್ಲುಟನ್ ಎಂಬ ಜಿಗುಟು. ಅಕ್ಕಿಹಿಟ್ಟಿಗೆ ಅದಿಲ್ಲ. ಹಾಗಾದರೆ ಹೊರಗಿನಿಂದ ಜಿಗುಟು ಹಾಕಿದರಾಯಿತು. ಮರಳಿಗೆ ಸಿಮೆಂಟು ಹಾಕುವುದಿಲ್ಲವೇ? ಇದೇನು ಮಹಾ ವಿದ್ಯೆ!

ಮೊದಲು ಅಕ್ಕಿಹಿಟ್ಟಿಗೆ ಬಾಳೆಹಣ್ಣು ಹಾಕಿದೆ. ಹಿಡಿದುಕೊಂಡಿತು, ಆದರೆ ಭಾಜಿಯ ಜೊತೆ ತಿಂದರೆ ಪಾಯಸಕ್ಕೆ ಒಗ್ಗರಣೆ ಕೊಟ್ಟ ಹಾಗಿತ್ತು. ಆಮೇಲೆ ದಾಸವಾಳದ ಎಲೆ ಅರೆದು ಲೋಳೆ ತೆಗೆದೆ. ಪಾವ್ ಹಸಿರಾಗಿ ಬಂತು. ಹೆಂಡತಿ ಮೂಸಿ ನೋಡಿ, "ಇದನ್ನ ತಿನ್ಬೇಕಾ, ತಲೆಗೆ ಹಚ್ಕಂಡ್ ಮೀಯ್ಬೇಕಾ?" ಎಂದಳು. ಅಗಸೆ ಬೀಜ ಹಾಕಿದ್ದು ನೋಡಲು ಚೆನ್ನಾಗಿಯೇ ಇತ್ತು. ಭಾಜಿಗೆ ಅದ್ದಿದ್ದೇ ತಡ, ಬೆರಳು ಮಾತ್ರ ಮೇಲೆ ಬಂತು, ಪಾವ್ ಕೆಳಗೇ ಉಳಿಯಿತು. ನಾನು ಕಟ್ಟಿಸಿದ ಸೇತುವೆಗಳ ಬಗ್ಗೆ ಆಗ ಅವಳು ಏನೋ ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊಟ್ಟೆ ಕಟ್ಟಿದವರು ನೀರಲ್ಲಿ ಕಲಕಿ ಕುಡಿಯುವ ಇಸಬಗೋಲ್ ಹಾಕಿದರೆ ಹಿಟ್ಟು ಬಿಟ್ಟುಕೊಳ್ಳುವುದಿಲ್ಲ ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಮೆಡಿಕಲ್ ಶಾಪಿಗೆ ಹೋಗಿ ನಾಲ್ಕು ಪ್ಯಾಕೆಟ್ ಕೇಳಿದೆ. ಅಂಗಡಿಯವನು ದನಿ ತಗ್ಗಿಸಿ, "ಬಿಸಿನೀರಲ್ಲಿ ಒಂದ್ ಚಮಚ ತಕಂಡ್ರೆ ಸಾಕು ಸರ್, ನಾಲ್ಕ್ ಪ್ಯಾಕೆಟ್ ಬೇಡ" ಎಂದ.

"ಹೊಟ್ಟೆಗಲ್ಲ ಮಾರಾಯಾ, ಪಾವ್ ಮಾಡೂಕೆ."

ನಾಚಿಕೆ ಸ್ವಭಾವದವರು ಹೀಗೇ ಹೇಳುತ್ತಾರೆ ಎಂಬಂತೆ ತಲೆಯಾಡಿಸಿ ಪೇಪರಿನಲ್ಲಿ ಸುತ್ತಿಕೊಟ್ಟ. ಹಿಂದೆ ನಿಂತಿದ್ದ ಅಗಸೂರಿನ ನೆಂಟರೊಬ್ಬರಿಗೆ ನಮಸ್ಕಾರ ಹೇಳಿ ಮನೆಗೆ ಬಂದೆ.

ಒಣ ಇಸಬಗೋಲನ್ನೇ ಹಿಟ್ಟಿಗೆ ಸುರಿದು ಅವಸರದಲ್ಲಿ ಬೇಯಿಸಿದೆ. ಪುಡಿಪುಡಿ. ಮರುದಿನ ನೀರಿಗೆ ಹಾಕಿ ಕಲಕಿ, ಇನ್ನೇನು ಹಿಟ್ಟಿಗೆ ಸೇರಿಸಬೇಕು, ಅಗಸೂರಿನಲ್ಲಿರುವ ಅಕ್ಕನ ಫೋನು.

"ತಮ್ಮಾ, ಹೊಟ್ಟೆ ಕಟ್ಕಂಡದೆ ಅಂದ್ರೆ ನಂಗೊಂದ್ ಮಾತ್ ಹೇಳೂಕಾಗ್ಲಿಲ್ವಾ? ನಾಲ್ಕ್ ಪ್ಯಾಕೆಟ್ ತಕಂಡ್ ಹೋದ್ಯಂತೆ!"

ನನ್ನ ಮಾತು ಅವಳು ಕೇಳಲೇ ಇಲ್ಲ. ಬಸಳೆ, ಪಪ್ಪಾಯಿ, ನಮ್ಮ ಅಪ್ಪನ ಹೊಟ್ಟೆಯ ಪೂರ್ತಿ ಇತಿಹಾಸ, ಎಲ್ಲ ಸೇರಿ ಅರ್ಧ ಗಂಟೆ. ಫೋನಿಟ್ಟು ಬಂದರೆ ಪಾತ್ರೆಯ ನೀರು ಲೋಳೆಗಟ್ಟಿ ನಡುಗುತ್ತಿತ್ತು, ಬೋರಲು ಹಾಕಿದರೂ ಬೀಳುವಂತಿರಲಿಲ್ಲ. ಸಿಟ್ಟಿನಲ್ಲೇ ಅದನ್ನು ಹಿಟ್ಟಿಗೆ ಹಾಕಿ ನಾದಿದೆ. ಇಷ್ಟು ದಿನ ಬಿರುಕು ಬಿಡುತ್ತಿದ್ದ ಹಿಟ್ಟು ಉಂಡೆಯಾಗಿ ಕೈಯಲ್ಲಿ ಕುಳಿತಿತು! ಅದಕ್ಕೆ ಬೇಕಾಗಿದ್ದದ್ದು ನೆನೆಯುವ ಹೊತ್ತು. ನನಗಿಲ್ಲದ ತಾಳ್ಮೆಯನ್ನು ಅಕ್ಕ ಫೋನಿನಲ್ಲಿ ಒದಗಿಸಿದ್ದಳು.

ಮರುದಿನ ಬೆಳಿಗ್ಗೆ ಹೆಂಡತಿ ಆ ಪಾವ್ ಮುರಿದು ಭಾಜಿಗೆ ಅದ್ದಿದಳು. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ದೆ. ರಸ ತೊಟ್ಟಿಕ್ಕಿತು, ಪಾವ್ ಬೀಳಲಿಲ್ಲ. ಒಂದನ್ನು ಪೂರ್ತಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಳು. ಹಿಗ್ಗಿ ಹೀರೇಕಾಯಿಯಾಗಿ ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನೆನೆದ ರಟ್ಟು ಜಗಿದಂತಿತ್ತು.

"ಇದನ್ನ ಹೆಂಗ್ ತಿಂತೀಯೇ?" ಎಂದೆ.

"ಅದ್ದೂಕಾಗ್ತದಲ್ಲ, ನಂಗೆ ಸಾಕು" ಎಂದು ಅವಳು ಇನ್ನೊಂದು ತುಂಡು ಅದ್ದಿದಳು. "ದಿನಾ ವಾಕಿಂಗ್ ಅಂತ ಹೋಗಿ ಹೋಟೆಲಲ್ಲಿ ಪಾವ್ ತಿಂದ್ ಬರೂದ್ ಬಿಡಿ. ಇಲ್ಲೇ ಕುಂತ್ಕಂಡ್ ತಿನ್ನಿ. ಒಬ್ಳೇ ತಿಂದ್ ತಿಂದ್ ಬೇಜಾರ್ ಬಂದದೆ."

ಅವಳ ಕಣ್ಣೆದುರು ತಿನ್ನಬಾರದೆಂದೇ ಕದ್ದು ಹೋಗುತ್ತಿದ್ದೆ. ನಾಚಿಕೆಯಾಯಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತು, ರಟ್ಟಿನಂಥ ಆ ಪಾವನ್ನು ಭಾಜಿಗೆ ಅದ್ದಿದೆ.