ಹರ್ನಿಯಾ ಎಂದು ಹೇಳಿದ ಆಪರೇಷನ್

ಭಾವ, ನನಗಾದದ್ದು ಹರ್ನಿಯಾ ಆಪರೇಷನ್ ಅಲ್ಲ. ನಿಮ್ಮನ್ನು ಹಾಸಿಗೆ ಹಿಡಿಸಿದ ಪ್ರಾಸ್ಟೇಟ್ ತೊಂದರೆಯೇ ನನಗೂ ಇತ್ತು — ನಿಮಗಿಂತ ಮೊದಲೇ ಇತ್ತು, ಮೊದಲೇ ವಾಸಿಯೂ ಆಯಿತು. ಏಳು ವರ್ಷ ಈ ಮಾತನ್ನು ನುಂಗಿಕೊಂಡು ನಿಮ್ಮ ಮನೆಯಲ್ಲಿ ಉಂಡಿದ್ದೇನೆ, ನಿಮ್ಮನ್ನು ಗೇಲಿ ಮಾಡಿದ್ದೇನೆ, ನನಗೆ ಸಲ್ಲದ ಮರ್ಯಾದೆಯನ್ನೂ ತೆಗೆದುಕೊಂಡಿದ್ದೇನೆ.

ಆಗ ನಾನು ರಾವಂದೂರಿನ ಶಾಲೆಯಲ್ಲಿ ಮೇಷ್ಟ್ರು. ಒಂದು ಪಾಠ ಮುಗಿಯುವಷ್ಟರಲ್ಲಿ ಎರಡು ಸಲ ಹೊರಗೆ ಓಡಬೇಕಾಗುತ್ತಿತ್ತು. ಓಡಿದರೂ ಸರಾಗವಾಗಿ ಬರುತ್ತಿರಲಿಲ್ಲ. ನಿಂತು ಕಾದು, ತೊಟ್ಟು ತೊಟ್ಟಾಗಿ ಹೋಗಿ, ವಾಪಸು ಬಂದು ಸೀಮೆಸುಣ್ಣ ಹಿಡಿದರೆ ಮತ್ತೆ ಅವಸರ. ಬೇಸಿಗೆ ರಜೆ ಬರಲಿ ಎಂದು ಕಾದು ಮೈಸೂರಿಗೆ ಹೋದೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗಂಡಸರಿಗೆಲ್ಲ ಮೂತ್ರಕೋಶದ ಕೆಳಗೆ ನೆಲ್ಲಿಕಾಯಿಯಷ್ಟು ದೊಡ್ಡ ಗ್ರಂಥಿಯೊಂದು ಇರುತ್ತದಂತೆ. ಮೂತ್ರದ ನಾಳ ಅದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾಗುತ್ತಾ ಗ್ರಂಥಿ ಬೆಳೆದು ನಾಳವನ್ನು ಅದುಮಿಬಿಡುತ್ತದೆ. ಕೆಲವರಿಗೆ ಮಾತ್ರೆಯೇ ಸಾಕು, ನನಗೆ ಸಾಲಲಿಲ್ಲ. ಹೊಟ್ಟೆ ಕುಯ್ಯದೆ ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ, ಬೆಳೆದದ್ದನ್ನು ಕೆತ್ತಿ ತೆಗೆದರು. ಆ ಚೂರುಗಳನ್ನು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಅಲ್ಲ ಎಂದು ಹೇಳಿದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು — ನಿಮ್ಮ ಮನೆಯ ಬೇರೆ ಗಂಡಸರಿಗೂ ತಿಳಿಸಿ, ಇಂಥ ತೊಂದರೆ ಕಂಡರೆ ನಾಚದೆ ಬಂದು ತೋರಿಸಲಿ ಎಂದು. ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಬಂದೆ.

ಬಂದವನು ಹರ್ನಿಯಾ ಎಂದೆ. ಆ ಜಾಗದ ಆಪರೇಷನ್ ಅಂದರೆ ಗಂಡಸುತನವೇ ಹೋಯಿತು ಎಂದು ಜನ ಆಡಿಕೊಳ್ಳುತ್ತಾರೆ, ಶಾಲೆಯಲ್ಲಿ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂದು ಹೆದರಿದೆ. ಯಾರಿಗೂ ಹೇಳಬಾರದೆಂದು ಹೆಂಡತಿ ಸಾವಿತ್ರಿಯ ಕೈಲಿ ಆಣೆ ಹಾಕಿಸಿಕೊಂಡೆ. ಅವಳದೇನೂ ತಪ್ಪಿಲ್ಲ.

ನೀವು ಅಕ್ಕನನ್ನು ಕರೆದುಕೊಂಡು, ಕೆ.ಆರ್. ನಗರದಿಂದ ಬಸ್ಸಿನಲ್ಲಿ ಎಳನೀರಿನ ಗೊನೆ ಹೊತ್ತು ನೋಡಲು ಬಂದಿರಿ. ಬಂದವರೇ, "ಎಲ್ಲಿ ಕುಯ್ದವ್ರೆ ತೋರ್ಸು ಮೇಷ್ಟ್ರೇ" ಎಂದಿರಿ. ತೋರಿಸಲು ಗಾಯವೇ ಇರಲಿಲ್ಲವಲ್ಲ! ಭಾವ–ಬಾಮೈದರ ನಡುವೆಯೂ ಒಂದಿಷ್ಟು ಮಾನ ಇರಲಿ ಎಂದು ಗದರಿ ಪಂಚೆ ಬಿಗಿಮಾಡಿಕೊಂಡೆ. ಹೊಟ್ಟೆ ಹುಣ್ಣಾಗುವಂತೆ ನಕ್ಕಿರಿ. ನೀವು ನಕ್ಕರೆ ನಮ್ಮ ಮನೆಯ ಗೋಡೆಗಳೂ ನಗುತ್ತವೆ ಎಂದು ಸಾವಿತ್ರಿ ಈಗಲೂ ಹೇಳುತ್ತಾಳೆ. ಹೆಂಗಸರು ಅಡಿಗೆಮನೆಗೆ ಹೋದಮೇಲೆ ನಗು ನಿಲ್ಲಿಸಿ, ಎಳನೀರಿನ ಖಾಲಿ ಬುರುಡೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದಿರಿ.

"ದಿಟ ಯೋಳ್ಲಾ. ನಂಗೆ ಗಳಿಗೆಗೊಂದ್ಸಲ ಎದ್ದೋಗ್ಬೇಕು. ಹೋದ್ರೂ ಸರ್ಯಾಗ್ ಬರಾಕಿಲ್ಲ. ನಿಂಗೂ ಇಂಗೇ ಆಗಿತ್ತಾ?"

ಅದೊಂದು ಗಳಿಗೆ ಸಾಕಾಗಿತ್ತು, ಭಾವ. ಒಂದು 'ಹೂಂ' ಸಾಕಾಗಿತ್ತು. ನಾನು ಹೇಳಿದ್ದು —

"ನಂಗ್ಯಾಕಾದದು ಭಾವ? ವಯಸ್ಸಾದ್ಮೇಲೆ ಎಲ್ಲರ್ಗೂ ಇದ್ದದ್ದೇ. ನೀರು ಕಮ್ಮಿ ಕುಡೀರಿ."

"ಬುಡು ಅಂಗಾರೆ. ಮೇಷ್ಟ್ರೇ ಯೋಳುದ್ಮೇಲೆ ಸರಿ" ಎಂದು ಎದ್ದಿರಿ.

ನನ್ನ ಮಾತನ್ನು ನನ್ನ ವಿದ್ಯಾರ್ಥಿಗಳೂ ಅಷ್ಟು ಪಾಲಿಸಿದವರಲ್ಲ. ನೀರು ಬಿಟ್ಟಿರಿ, ಮಜ್ಜಿಗೆ ಬಿಟ್ಟಿರಿ. ಬಸ್ಸು ದಾರಿಯಲ್ಲಿ ನಿಲ್ಲುವುದಿಲ್ಲವೆಂದು ಎಚ್.ಡಿ. ಕೋಟೆಯ ನಿಮ್ಮ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಿರಿ. ಊಟದ ಪಂಕ್ತಿಯಿಂದ ನೀವು ನಡುವೆ ಎದ್ದಾಗ, ಭಾವನ ಗದ್ದೆ ತೂಬು ಸೋರ್ತಾ ಇದೆ ಎಂದು ನಾನೇ ನಗೆಯೆಬ್ಬಿಸಿದ್ದೆ. ಎಲ್ಲ ಗೊತ್ತಿದ್ದೂ...

ಮತ್ತೆರಡು ವರ್ಷಕ್ಕೆ ನಿಮ್ಮ ದೊಡ್ಡ ಮಗಳು ಭಾಗ್ಯಳ ಮದುವೆ. ಮುಹೂರ್ತದ ಬೆಳಿಗ್ಗೆ ಛತ್ರದ ಮೂಲೆಗೆ ಕರೆದು, ಮಂಡಿನೋವು, ಅಷ್ಟು ಹೊತ್ತು ಕೂರಲಾಗದು, ನೀನೂ ಸಾವಿತ್ರಿಯೂ ಕೂತು ಧಾರೆ ಎರೆದುಕೊಡಿ ಎಂದಿರಿ. ಮಂಡಿನೋವಲ್ಲ ಎಂದು ನನಗೆ ಗೊತ್ತಿತ್ತು. ನಾನು ಹರ್ನಿಯಾ ಎಂದ ಹಾಗೇ ನೀವು ಮಂಡಿನೋವು ಎಂದಿರಿ. ಆದರೂ ಹೋಗಿ ಕೂತೆ. ಬಾಮೈದನ ಮೇಲೆ ಎಂಥ ಪ್ರೀತಿ ನೋಡಿ ಎಂದು ಜನ ಹೊಗಳಿದರು, ನಾನು ಶಲ್ಯ ಸರಿಮಾಡಿಕೊಂಡೆ. ತಾನು ಹಿಡಿಯಬೇಕಾದ ಚೊಂಬನ್ನು ಅಕ್ಕ ಸಾವಿತ್ರಿಯ ಕೈಗೆ ಕೊಟ್ಟು ಕಂಬದ ಪಕ್ಕ ನಿಂತಳು. ಧಾರೆ ಎರೆಯುವಾಗ ತಲೆಯೆತ್ತಿ ನೋಡಿದರೆ, ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ನೀವು ಕಾಣಲಿಲ್ಲ. ಹಿತ್ತಲಿನಿಂದ ಪಂಚೆ ಸರಿಮಾಡಿಕೊಳ್ಳುತ್ತಾ ನೀವು ಬರುವಷ್ಟರಲ್ಲಿ ಗಟ್ಟಿಮೇಳ ನಿಂತು ಅಕ್ಷತೆ ಬಿದ್ದಾಗಿತ್ತು. ಮಗಳ ಮಾಂಗಲ್ಯಧಾರಣೆ ನೀವು ನೋಡಲಿಲ್ಲ.

ಆ ವರ್ಷದ ನಾಟಿ ಕಾಲದಲ್ಲಿ ನಿಮಗೆ ಮೂತ್ರವೇ ಕಟ್ಟಿಹೋಯಿತು. ಕಿಬ್ಬೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದವರನ್ನು ಜೀಪಿನಲ್ಲಿ ಮೈಸೂರಿಗೆ ತಂದರು. ಬೆಳೆದದ್ದನ್ನು ತೆಗೆದದ್ದಾಯಿತು. ಆದರೆ ವರ್ಷಗಟ್ಟಲೆ ತುಂಬಿ ತುಂಬಿ ಮೂತ್ರಕೋಶವೇ ಸೋತುಹೋಗಿದೆ, ಇನ್ನು ಮೂತ್ರ ಹೋಗಲು ನಳಿಕೆಯೂ ಅದು ತುಂಬುವ ಚೀಲವೂ ಸದಾ ಇರಲೇಬೇಕು ಎಂದರು. ಎರಡು ವರ್ಷ ಮುಂಚೆ ಬಂದಿದ್ದರೆ... ಎಂದು ಡಾಕ್ಟರು ಮಾತು ನಿಲ್ಲಿಸಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನೀವು ನನ್ನ ಬೆನ್ನು ಸವರಿ ಸಮಾಧಾನ ಮಾಡಿದಿರಿ — ನೀವು, ನನಗೆ.

ಈಗ ನಿಮ್ಮ ಚಿಕ್ಕ ಮಗಳು ಸುಮಳ ಮದುವೆ ಗೊತ್ತಾಗಿದೆ. ಈ ಸಲವೂ ನೀನೇ ಕೂತ್ಕೋ ಎಂದು ಹೇಳಿಕಳಿಸಿದ್ದೀರಿ. ಕೂರುವುದಿಲ್ಲ, ಭಾವ.

ನಿಮಗೆ ಅಕ್ಷರ ಬರುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕಿ ಇನ್ಯಾರಿಂದಲೋ ಓದಿಸುವುದು ನನಗೆ ಸುಲಭ, ಆದ್ದರಿಂದ ಹಾಗೆ ಮಾಡುವುದಿಲ್ಲ. ಭಾನುವಾರ ನಾನೇ ಬಂದು, ಅಕ್ಕನನ್ನೂ ಕೂರಿಸಿ, ಮೊದಲ ಸಾಲಿನಿಂದ ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ ಅದೂ ನ್ಯಾಯವೇ. ಆದರೆ ಧಾರೆಗೆ ನೀವೇ ಕೂರಬೇಕು, ಚೊಂಬು ಅಕ್ಕನ ಕೈಯಲ್ಲೇ ಇರಬೇಕು. ನಿಮ್ಮ ಹಿಂದೆ ನೆಲದ ಮೇಲೆ ನಾನು ಆ ಚೀಲ ಹಿಡಿದು ಕೂತಿರುತ್ತೇನೆ. ಅದೇನು ಮೇಷ್ಟ್ರೇ ಎಂದು ಯಾರಾದರೂ ಕೇಳಿದರೆ, ನನ್ನ ಆಪರೇಷನ್ನಿನಿಂದಲೇ ಶುರುಮಾಡಿ ಹೇಳುತ್ತೇನೆ.